ಚಾಚಾ ಅಂಟು ಹಚ್ಚದ ಪೆಟ್ಟಿಗೆ

ಅಜ್ಜಿಯ ಪೆಟ್ಟಿಗೆಗೆ ಹೊಸ ಮುಚ್ಚಳ ಮಾಡಲು ಇವತ್ತು ಬಡಗಿ ಬಂದಿದ್ದ. ಅವನ ಕೈಮಷೀನು ಕಿರುಚಿದಷ್ಟು ಆ ಪೆಟ್ಟಿಗೆ ಮಾಡಿದ ಮೆಹಬೂಬ್ ಚಾಚಾ ಜನ್ಮದಲ್ಲಿ ಮಾತಾಡಿರಲಿಲ್ಲ. ತೇಗದ ಪುಡಿಯ ವಾಸನೆ ಮಾತ್ರ ಅದೇ.

ನಾನು ಚಿಕ್ಕವನಿದ್ದಾಗ, ಲಿಂಗಪೂಜೆಯ ಸಾಮಾನಿಗೆಂದು ಅಂಗೈಯಗಲದ ಪೆಟ್ಟಿಗೆ ಮಾಡಿಸಲು ಅಜ್ಜಿ ಬಸವಕಲ್ಯಾಣದಿಂದ ಹುಮನಾಬಾದಿಗೆ, ಚಾಚಾನ ಅಂಗಳಕ್ಕೆ, ನನ್ನನ್ನೂ ಕರೆದೊಯ್ದಿದ್ದಳು. ಮೊಳೆ ಬೇಡ ಎಂದವಳು ಅಜ್ಜಿ. ಅಂಟು ಬೇಡ ಎಂದವರು ಚಾಚಾ.

"ಈ ಸರೇಸಿನ ಅಂಟು ತೊಗಲು ಕುದಿಸಿ ಮಾಡ್ತಾರ್ರಿ ಅವ್ವಾ. ನಿಮ್ಮ ಪೂಜಾದ ಡಬ್ಬಿಗಿ ಹ್ಯಾಂಗ ಹಚ್ಚಲಿ?"

ಹಾಗಾಗಿ ಹಲಗೆಯ ಅಂಚಿನಲ್ಲಿ ಕೊರೆದ ಹಲ್ಲುಗಳೇ ಮೂಲೆಯಲ್ಲಿ ಒಂದನ್ನೊಂದು ಕಚ್ಚಿ ನಿಲ್ಲಬೇಕಿತ್ತು. ಚಾಚಾ ತುಂಡುಹಲಗೆಯನ್ನು ಕಾಲ್ಬೆರಳಲ್ಲಿ ಒತ್ತಿಹಿಡಿದು, ಎಳೆದ ಗೆರೆ ಅಳಿಯದಂತೆ ಪಕ್ಕದಲ್ಲೇ ಗರಗಸ ಆಡಿಸುತ್ತಿದ್ದರು. ಕೊಂಚ ಸಡಿಲವಾದರೂ ಆ ತುಂಡು ಒಲೆಗೆ.

ರಜಾಕಾರರ ಗಲಾಟೆಯಲ್ಲಿ ನಾವು ಸೊಲ್ಲಾಪುರಕ್ಕೆ ಓಡುವಾಗ ಅಜ್ಜಿ ಪೆಟ್ಟಿಗೆಗೆ ಕಲ್ಲು ಕಟ್ಟಿ ಹಿತ್ತಲ ಬಾವಿಗೆ ಇಳಿಸಿದಳು. ಪೊಲೀಸ್ ಆಕ್ಷನ್ ಆದ ಮೇಲೆ ಮರಳಿ ಬಂದು ತೆಗೆದಾಗ ಮರ ಕಪ್ಪಾಗಿತ್ತು, ಒಂದು ಮೂಲೆಯೂ ಬಿಟ್ಟಿರಲಿಲ್ಲ. ಚಾಚಾನಿಗೆ ತೋರಿಸಲೆಂದು ಹುಮನಾಬಾದಿಗೆ ಹೋದೆವು. ಅವರ ಮನೆಗೆ ಬಾಗಿಲೇ ಇರಲಿಲ್ಲ. ಎಲ್ಲಿ ಹೋದರೆಂದು ಓಣಿಯಲ್ಲಿ ಯಾರೂ ಹೇಳಲಿಲ್ಲ.

ಬಡಗಿ ಮಷೀನು ನಿಲ್ಲಿಸಿ ಪೆಟ್ಟಿಗೆಯ ಮೂಲೆ ತಿರುಗಿಸಿ ನೋಡಿದ.

"ಯಾವ ಗಮ್ ಹಚ್ಯಾರ್ರಿ ಅಜ್ಜಾ?"

"ಹಚ್ಚಿಲ್ಲಪಾ," ಎಂದೆ. "ಚಾಚಾ ಒಪ್ಪಲಿಲ್ಲ."