ಮುರಕ ಕತ್ತಿಯ ಕಡೀ ಭಾಗ

ಬನಹಟ್ಟಿಯ ಗುರುಪಾದನ ಬಲಗೈ ಮಗ್ಗದ ಪಟ್ಟಾಕ್ಕ ಸಿಕ್ಕು ಹೋತು ಅಂತ ಊರ ಮಂದಿಗೆಲ್ಲಾ ಗೊತ್ತು. ಸುಳ್ಳದು. ಆ ಕೈ ಹೋಗಿದ್ದು ಕೊಡ್ಲಿಗೆ. ಪಾಪ, ಆ ಮಗ್ಗದ ಮ್ಯಾಲ ಯಾಕ ಗೂಬಿ ಕೂಡಸೂದು? ಹದಿನೈದು ವರ್ಷ ಅವನ ಮನಿಗೆ ರೊಟ್ಟಿ ಹಾಕಿದ್ದು ಅದು. ನನಗ ಹೆಂಗ ಗೊತ್ತಾತು ಅಂತ ಕೇಳಬ್ಯಾಡ್ರಿ, ಆದದ್ದು ಮಾತ್ರ ಕೇಳ್ರಿ.

ಗುರುಪಾದ ಬೀರೇಶ್ವರನ ಒಕ್ಕಲು, ಕುರುಬರ ಮನಿತನ. ಕುರಿ ಹಿಂದ ಹೋಗಬೇಕಾದಂವ ತೊಂಬತ್ತೇಳರಾಗ ಬನಹಟ್ಟಿಗೆ ಬಂದು ಪಾವರ್‌ಲೂಮಿಗೆ ನಿಂತ. ಮೊದಲ ಮಂದಿ ಮಗ್ಗ, ಆಮ್ಯಾಲ ಮನಿ ಮುಂದ ತಗಡಿನ ಶೆಡ್ ಹಾಕಿ ತನ್ನವ ಎರಡು ಮಗ್ಗ. ಮಗ್ಗದ ಸಪ್ಪಳ ನೀವು ಕೇಳೀರೇನು? ಕಿವ್ಯಾಗ ಯಾರೋ ಒನಕಿ ತಗೊಂಡು ಕುಟ್ಟಿದಂಗ ಆಕ್ಕೈತಿ. ಆ ಓಣ್ಯಾಗ ಯಾರೂ ಬಾಯಿಲೆ ಮಾತಾಡಂಗಿಲ್ಲ, ಕೈಲೆ ಮಾತಾಡತಾರ. ಚಹಾ ಬೇಕಂದ್ರ ಹೆಬ್ಬೆರಳು. ಮಾಲಕ ಬಂದ ಅಂದ್ರ ಮೀಸಿ ಮ್ಯಾಲ ಬೆರಳು. ಬಲಗೈ ಮುಷ್ಟಿ ಬಿಗಿದು ಮ್ಯಾಲ ಎತ್ತಿದ್ರ, ಎಳಿ ಹರೀತು, ಮಗ್ಗ ನಿಲ್ಲಸು ಅಂತ ಅರ್ಥ. ಆ ಮುಷ್ಟಿ ಕಂಡ ಕೂಡ್ಲೆ ಯಾರ ಕೈ ಆದ್ರೂ ತಾನಾ ಮಗ್ಗದ ಹಿಡಿಕಿಗೆ ಹೋಗತೈತಿ, ತಲಿ ವಿಚಾರ ಮಾಡೂದ್ರಾಗ.

ಈ ಗುರುಪಾದಗ ಜಪಾನಿ ಕಾರ್ಟೂನಿನ ಹುಚ್ಚು ಹತ್ತಿಸಿದಂವ ಇಚಲಕರಂಜಿಯಿಂದ ಮಗ್ಗ ರಿಪೇರಿಗೆ ಬಂದ ಒಬ್ಬ ಫಿಟ್ಟರ್. ಒಂದು ಮೆಮರಿ ಕಾರ್ಡ್ ತುಂಬಿ ಕೊಟ್ಟು, ‘ಇದಕ್ಕ ಅನಿಮೆ ಅಂತಾರ’ ಅಂದು ಹೋದ. ಗುರುಪಾದ ಮೊಬೈಲು ಮಗ್ಗದ ಚೌಕಟ್ಟಿಗೆ ಕಟ್ಟಿ ನೋಡಾಕ ಸುರು ಮಾಡಿದ. ನಮ್ಮ ಸಿನಿಮಾ ಆ ಸಪ್ಪಳದಾಗ ಏನು ನೋಡ್ತಿ, ಮಾತು ಕೇಳ್ಸದಿದ್ರ ಮಂದಿ ಸುಮ್ನ ಬಾಯಿ ತಗದು ಮುಚ್ಚತಾರ. ಜಪಾನಿ ಹಂಗಲ್ಲ. ಕಣ್ಣಂದ್ರ ತಾಟಿನಂಥ ಕಣ್ಣು, ಸಿಟ್ಟು ಬಂದ್ರ ಹಣಿ ಮ್ಯಾಲ ನರ ಎದ್ದು ನಿಲ್ಲತಾವು, ಅಳು ಬಂದ್ರ ಕೊಡ ಮಗಚಿದಂಗ ನೀರು. ಕೆಳಗ ಇಂಗ್ಲೀಷ್ ಅಕ್ಷರ ಓಡತಿದ್ದು. ಇವಗ ಅವು ಇರುವಿ ಸಾಲು ಇದ್ದಂಗ, ಓದಾಕ ಬರತಿದ್ದಿಲ್ಲ. ಓದೂದು ಯಾಕ ಬೇಕು, ಕಣ್ಣಿಗೆ ತಿಳೀತೈತಲ್ಲ ಅಂತಿದ್ದ.

ಎರಡು ವರ್ಷದಾಗ ಓಣಿಗೆಲ್ಲಾ ಅನಿಮೆದ ಗುರು ಆದ. ಹೊಸದಾಗಿ ನೋಡಾವ್ರು ಬಂದು, ‘ಮೊದಲ ಯಾವ್ದು ನೋಡ್ಲೋ?’ ಅಂದ್ರ ಸುಮ್ನ ಕೊಡತಿದ್ದಿಲ್ಲ. ನಾಡಿ ನೋಡಿದಂಗ ಮಾರಿ ನೋಡಾಂವ. ‘ಮನ್ಯಾಗ ಸಿಟ್ಟ ಜಾಸ್ತಿಯೋ, ಅಳು ಜಾಸ್ತಿಯೋ?’ ಅಂತ ಕೇಳಾಂವ. ಹೊಸಬರಿಗೆ ಮೊದಲ ಎರಡು ತಾಸಿನ ಪಿಚ್ಚರ್, ಆಮ್ಯಾಲ ಹನ್ನೆರಡು ಭಾಗದ್ದು, ಅದು ಮುಗಿದ ಮ್ಯಾಲ ಉದ್ದನೂದು. ‘ಹಲ್ಲ ಬರದ ಕೂಸಿಗೆ ಕಡಕ್ ರೊಟ್ಟಿ ತಿನ್ನಸತೀರೇನ್ಲೇ?’ ಅಂತ ಬೈತಿದ್ದ. ಮಗಳನ್ನ ಕಳಕೊಂಡ ಇಂದ್ರವ್ವಗ ಒಂದು ಪಿಚ್ಚರ್ ಕೊಟ್ಟ; ಅದ್ರಾಗ ಮುದುಕಿಯೊಬ್ಬಾಕಿ ಸಮುದ್ರದ ದಂಡಿಗೆ ದಿನಾ ದೀಪ ಹಚ್ಚತಾಳ, ಅಷ್ಟ ಕಥಿ. ಇಂದ್ರವ್ವ ಅತ್ತು ಹಗರಾಗಿ, ಮರುದಿನ ನೂಲಿನ ಕಂಡಿಕಿ ಸುತ್ತಾಕ ಬಂದಳು. ಅವತ್ತಿನಿಂದ ಗುರುಪಾದನ ಎದಿ ನಾಕು ಬೆರಳು ಉಬ್ಬಿತ್ತು ನೋಡ್ರಿ.

ಅಂಥಾದ್ರಾಗ ಅವನ ತಂಗಿ ಸುಂದರವ್ವ ಗಂಡನ್ನ ಕರಕೊಂಡು ಬಂದಳು. ಗಂಡ ಜಕ್ಕಪ್ಪ ಬೀಳಗಿ ತಾಲೂಕಿನ ಕುರಿಗಾರ. ಅವರ ಊರು ಆಲಮಟ್ಟಿ ಹಿನ್ನೀರಿನ್ಯಾಗ ಮುಳುಗಿತ್ತು, ಕುರಿ ಮೇಯೂ ಮಡ್ಡಿನೂ ಮುಳುಗಿತ್ತು. ನೀರು ಬಂದಲ್ಲೆ ಕಬ್ಬು ಬಂತು. ಹುಲ್ಲು ಇಲ್ದ ಕುರಿ ಕಬ್ಬಿಗೆ ಬಾಯಿ ಹಾಕದ ಇನ್ನೇನು ಮಾಡ್ಯಾವು? ಹಿಂದಿನ ವರ್ಷ ಜಕ್ಕಪ್ಪನ ತಮ್ಮ ಅಮಸಿದ್ದಪ್ಪನ ಕುರಿ ಬಾಡಗಂಡಿ ಕಡೆ ಬಾಳಾಸಾಹೇಬ ಅನ್ನಾಂವನ ಕಬ್ಬಿನ್ಯಾಗ ಹೊಕ್ಕಿದ್ದು. ಬಾಳಾಸಾಹೇಬ ಕಬ್ಬು ಕಡಿಯೂ ಕೊಯ್ತಾ ತಗೊಂಡು ಮೊದಲ ಕುರಿ ಕಾಲು ಕಡದ. ‘ಯಾಕ ಕಡಿತೀರಿ’ ಅಂತ ಕೇಳಿದ ಅಮಸಿದ್ದಪ್ಪನ ಕುತ್ತಿಗಿಗೂ ಹಾಕಿದ. ಜಕ್ಕಪ್ಪ ಓಡಿ ಬಂದು ತಮ್ಮನ ತಲಿ ತೊಡಿ ಮ್ಯಾಲ ಹಾಕೊಂಡ. ಕಡದ ಗಂಟಲಾಗ ಉಸುರು ಗುಳುಗುಳು ಅಂತಿತ್ತು, ನೀರು ಹಾಕಿದ್ರ ನೀರು ಹೊರಗ ಬರತಿತ್ತು. ಅರ್ಧ ತಾಸು ಹಂಗ ಇದ್ದು ಸತ್ತ.

ಕೋರ್ಟಿನ್ಯಾಗ ಸಾಕ್ಷಿ ಹೇಳಾಕ ಹೊರಗಿನವ್ರು ಒಬ್ಬರೂ ಬರಲಿಲ್ಲ. ಸತ್ತಾಂವನ ಅಣ್ಣ ಅಂತ ಜಕ್ಕಪ್ಪನ ಮಾತು ಕೋರ್ಟು ನಂಬಲಿಲ್ಲ. ಬಾಳಾಸಾಹೇಬ ಬಿಡುಗಡಿ ಆಗಿ ಸೊಲ್ಲಾಪುರ ಕಡೆ ಬೀಗರ ಮನ್ಯಾಗ ಕುಂತ. ಜಕ್ಕಪ್ಪ ಬೀರೇಶ್ವರನ ಗುಡಿಗೆ ಹೋಗಿ ತಲಿ ಮ್ಯಾಲಿನ ರುಮಾಲು ಬಿಚ್ಚಿದ. ದೇವರ ಅರಿಷಿಣ ಭಂಡಾರ ಮುಟ್ಟಿ, ‘ನನ್ನ ಕೊಡ್ಲಿ ರಕ್ತ ಕಾಣೂತನಕ ತಲಿಗೆ ಇದನ್ನ ಸುತ್ತಂಗಿಲ್ಲ’ ಅಂತ ಆಣಿ ಮಾಡಿದ. ನಮ್ಮಲ್ಲೆ ಭಂಡಾರದ ಆಣಿ ಅಂದ್ರ ಆಟ ಅಲ್ರಿ. ಮುರದಂವನ ವಂಶ ಬೆಳ್ಯಾಂಗಿಲ್ಲ ಅಂತಾರ.

‘ಕಬ್ಬು ಕಡ್ಯಾಕ ಸುರು ಆದ್ರ ಅಂವ ಊರಿಗೆ ಬರತಾನ,’ ಅಂದಳು ಸುಂದರವ್ವ, ಅಣ್ಣನ ಕೈ ಹಿಡಕೊಂಡು. ‘ಇವರು ಹೋಗಿ ಕಡದು ಬರತಾರ. ಇವರನ್ನ ಗಲ್ಲಿಗೆ ಹಾಕತಾರ. ನಾ ಮಣ್ಣ ತಿನ್ಲೇನು? ಅಣ್ಣಾ, ಹೆಂಗರೆ ಮಾಡಿ ಇವರ ತಲಿ ತಿರುಗಸು.’ ಅಂದು ಆಕಿ ಕುರಿ ಕಾಯಾಕ ಬೀಳಗಿ ಕಡೆ ಹೋದಳು. ಜಕ್ಕಪ್ಪ ಕಂಬಳ್ಯಾಗ ಕೊಡ್ಲಿ ಸುತ್ತಿಕೊಂಡು ಶೆಡ್ಡಿನ ಮೂಲ್ಯಾಗ ಕುಂತ. ಮಡಿಚಿದ ರುಮಾಲು ಸೊಂಟದಾಗ ಸಿಗಿಸಿಕೊಂಡಿದ್ದ.

ಗುರುಪಾದಗ ಬುದ್ಧಿ ಹೇಳಾಕ ಎಲ್ಲಿ ಬರಬೇಕು? ಅವಗ ಗೊತ್ತಿದ್ದದ್ದು ಒಂದ. ಮಗ್ಗ ಹೊಡ್ಯಾಕ ಕಲಿಸಿ, ಮೊಬೈಲು ಮುಂದಿಟ್ಟ. ಮೊದಲ ನಗಸೂದು ಹಾಕಿದ, ಒಂದು ಕಪ್ಪಿ ಚಹಾದಂಗಡಿ ಇಡೂ ಕಥಿ. ಜಕ್ಕಪ್ಪ ಒಂದು ಗಳಿಗಿ ನೋಡಿ ಮೊಬೈಲು ಗ್ವಾಡಿಗೆ ಬೀಸಿ ಒಗದ. ಅವತ್ತ ಸಂಜಿಗೆ ಬಾಜೂ ಮನಿ ಸಾಬಣ್ಣ, ‘ಏನಪಾ, ಬೋಳ ತಲಿ?’ ಅಂತ ಚ್ಯಾಷ್ಟಿ ಮಾಡಿದ್ದಕ್ಕ ಎರಡು ಹಲ್ಲು ಉದುರಿಸಿದ. ಗುರುಪಾದ ಸಾಬಣ್ಣನ ಕಾಲಿಗೆ ಬಿದ್ದು ಸುಮ್ನಾಗಿಸಿದ.

‘ತಪ್ಪ ನಂದ,’ ಅನಕೊಂಡ ಗುರುಪಾದ. ಮುಳ್ಳು ತಗ್ಯಾಕ ಮುಳ್ಳ ಬೇಕು, ಇವಗ ರಕ್ತದ ಕಥೀನ ಕೊಡಬೇಕು. ಖರೆ, ಕಡೀಕ ಕತ್ತಿ ಕೆಳಗ ಇಡೂ ಕಥಿ ಆಗಬೇಕು. ಹುಡುಕಿ ಹುಡುಕಿ ಒಂದು ತಗದ. ಇಪ್ಪತ್ತಾರು ಭಾಗ. ಅದರ ಖರೆ ಹೆಸರು ಅವಗ ಗೊತ್ತಿಲ್ಲ, ಮುರಕ ಕತ್ತಿ ಅಂತ ತಾನ ಹೆಸರಿಟ್ಟಿದ್ದ. ತಮ್ಮನ್ನ ಕೊಂದಾಂವನ್ನ ಹುಡುಕಿಕೊಂಡು ಒಬ್ಬ ಕತ್ತಿ ವೀರ ಬರ್ಫದಾಗ ನಡಕೊಂತ ಹೋಗತಾನ. ಅಡ್ಡ ಬಂದವ್ರನ್ನ ಕಡಕೊಂತ ಹೋಗತಾನ, ಅವನ ಕತ್ತಿ ಮುರೀತೈತಿ. ಇಪ್ಪತ್ತೈದನೇ ಭಾಗದಾಗ ಒಂದು ಮನಿ ಒಳಗ ಹೋಗಿ ಬಾಗಲಾ ಮುಚ್ಚತಾನ. ಹೊರಗ ಬಂದಾಗ ಕೈಯಾಗ ಹೊಸಾ ಕತ್ತಿ ಇರತೈತಿ. ಕಡೀ ಭಾಗದಾಗ ಕೊಂದಾಂವ ಸಿಗತಾನ, ಮುದುಕ, ಗದ್ಯಾಗ ಕುಂತಿರತಾನ. ಇಂವ ಆ ಕತ್ತಿ ಮುದುಕನ ತೊಡಿ ಮ್ಯಾಲ ಇಡತಾನ. ಏನೋ ಮಾತಾಡತಾನ. ಮುದುಕ ಎದಿ ಎದಿ ಬಡಕೊಂಡು ಅಳತಾನ, ಇಂವ ತಿರುಗಿ ನೋಡದ ಹೋಗಿಬಿಡತಾನ. ಗುರುಪಾದ ಮೂರು ಸಲ ಅದನ್ನ ನೋಡಿ ಮೂರು ಸಲ ಅತ್ತಿದ್ದ. ಇದಕ್ಕ ಕ್ಷಮಾ ಅಂತಾರ, ಇದರ ಮ್ಯಾಲ ಮತ್ತೊಂದಿಲ್ಲ ಅಂತ ಅನಕೊಂಡಿದ್ದ.

ಜಕ್ಕಪ್ಪ ಈ ಸಲ ಮೊಬೈಲು ಒಗೀಲಿಲ್ಲ. ದಿನಕ್ಕ ಮೂರು ಭಾಗ ನೋಡಿದ. ಕತ್ತಿ ಬಿದ್ದಾಗೊಮ್ಮೆ ಹಲ್ಲು ಕಡಿತಿದ್ದ. ನೋಡಕೊಂತ ಮಗ್ಗ ಹೊಡದ, ಎಳಿ ಹರಿದಾಗ ಗುರುಪಾದನ ಮುಷ್ಟಿ ಕಂಡು ಹಿಡಿಕಿ ಎಳ್ಯಾಕ ಕಲತ. ಕೊಡ್ಲಿ ಮಸಿಯೂದು ಬಿಟ್ಟ. ‘ಕಡೀಕ ಏನಾಕ್ಕೈತಿ ಮಾವಾ?’ ಅಂತ ಕೇಳಿದ. ‘ಹೇಳಂಗಿಲ್ಲ. ನೋಡು, ನಿನ್ನ ಕಣ್ಣಾಗೂ ನೀರು ಬರತಾವು,’ ಅಂದ ಗುರುಪಾದ. ಒಳಗೊಳಗ ಬೀರಪ್ಪಗ ಕೈ ಮುಗದ.

ಒಂಬತ್ತನೇ ದಿನ ಬೆಳಿಗ್ಗಿ ಕರೆಂಟ್ ಹೋತು. ಓಣಿಗೆ ಓಣೀನ ಗಪ್ ಆತು. ಕಾಲೇಜಿಗೆ ರಜಾ ಇದ್ದ ಗುರುಪಾದನ ಮಗಳು ಪೂನಮ್ ರೊಟ್ಟಿ ಬುತ್ತಿ ತಂದಿಟ್ಟಳು. ಇಪ್ಪತ್ತೈದನೇದು ಆಗಲೇ ನೋಡಿ ಮುಗಿಸಿದ್ರು, ಉಳಿದಿದ್ದು ಕಡೀ ಭಾಗ ಒಂದ. ‘ಕುಂಡ್ರು ಪೂನಮ್, ನೀನೂ ನೋಡು,’ ಅಂತ ಗುರುಪಾದ ಕರದ. ತಾನಾಗಿ ಕರದ ನೋಡ್ರಿ, ಹಣೆಬರ! ಆಕಿ ಪಿಯುಸಿ ಓದಾಕಿ. ಮುದುಕ ಬಂದ, ಕತ್ತಿ ತೊಡಿ ಮ್ಯಾಲ ಬಂತು, ಅಕ್ಷರ ಓಡಿದ್ದು. ಪೂನಮ್ ಅವನ್ನ ಓದಿ ಕನ್ನಡದಾಗ ಹೇಳಿದಳು:

‘ಈ ಕತ್ತಿ ಯಾರದು, ಗುರುತು ಹಿಡಿ. ನಿನ್ನ ಮಗಂದು. ಅವನ್ನ ಕೊಂದು ಬಂದೇನಿ. ನಿನ್ನ ಕೊಲ್ಲಂಗಿಲ್ಲ. ನೀ ಬದುಕು. ನನ್ನಂಗ ದಿನಾ ಸಾಯಿ.’

ಗುರುಪಾದನ ಕೈಯಾಗಿನ ರೊಟ್ಟಿ ಕೈಯಾಗ ಉಳೀತು. ಮೂರು ಸಲ ಅತ್ತಿದ್ದನಲ್ಲ, ಆ ಕಣ್ಣೀರೆಲ್ಲಾ ಯಾತಕ್ಕ ಸುರದಿದ್ದ ಇಂವ? ‘ಏ ಪೂನಮ್, ತಪ್ಪ ಓದೀದಿ, ಮತ್ತೊಮ್ಮೆ ಓದು,’ ಅಂದ. ಆಕಿ ಮತ್ತೊಮ್ಮೆ ಓದಿದಳು. ಅದ ಇತ್ತು. ಜಕ್ಕಪ್ಪ ಒಂದು ವರ್ಷದ ಮ್ಯಾಲ ಮೊದಲ ಸಲ ನಕ್ಕ. ‘ಮಾವಾ, ಛಲೋ ಕಥಿ ತೋರಸಿದಿ,’ ಅಂದ. ‘ಬಾಳಾಸಾಹೇಬನ್ನ ಯಾಕ ಕೊಲ್ಲಬೇಕು? ಅವನ ಮಗ ಕಲ್ಮೇಶ ಟ್ರ್ಯಾಕ್ಟರ್ ಹೊಡಿತಾನ. ಈಗ ತಿಳೀತು.’

ಗುರುಪಾದ ಬಾಯಿಗೆ ಬಂದದ್ದು ಹೇಳಿದ, ಬೈದ, ಕಾಲು ಹಿಡದ. ಅಷ್ಟರಾಗ ಕರೆಂಟ್ ಬಂತು, ಓಣಿ ತುಂಬ ಸಪ್ಪಳ ಎದ್ದಿತು, ಅವನ ಮಾತು ಅವಗ ಕೇಳ್ಸದಂಗ ಆತು. ಚಾಲೂ ಇದ್ದ ಮಗ್ಗ ಬಂದ್ ಮಾಡಾಕ ತಿರುಗಿದ. ಎರಡೂ ಹಿಡಿಕಿ ಎಳದು ನೋಡೂದ್ರಾಗ ಮೂಲ್ಯಾಗ ಕಂಬಳಿ ಇದ್ದಿಲ್ಲ, ಕೊಡ್ಲಿ ಇದ್ದಿಲ್ಲ.

ಹಲ್ಲು ಹೋದ ಸಾಬಣ್ಣನ ಗಾಡೀನ ಬೇಡಿ ತಗೊಂಡ. ಜಮಖಂಡಿ ಸ್ಟ್ಯಾಂಡಿನ್ಯಾಗ ಕೇಳಿದ್ರ, ಬರೇ ತಲಿ ಕುರುಬ ಆಗಲೇ ಬೀಳಗಿ ಬಸ್ ಹತ್ಯಾನ ಅಂದ್ರು. ಗಾಡಿ ಹೊಡದ ಹೊಡತಕ್ಕ ಕಣ್ಣಾಗ ನೀರು ಬಂದು ರಸ್ತಾ ಕಾಣವಲ್ದು. ‘ನಾನ ಕೊಂದಂಗ ಆತು, ನಾನ ಕೊಂದಂಗ ಆತು,’ ಅನಕೊಂತ ಹೋದ.

ಬಾಡಗಂಡಿ ಕಡೆ ಹೊಳ್ಳೂ ಕಚ್ಚಾ ದಾರ್‍ಯಾಗ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಮ್ಯಾಲ ಎರಡು ದೊಡ್ಡ ಸೌಂಡ್ ಬಾಕ್ಸ್, ಹಾಡು ಎದಿ ನಡಗಸೂವಂಗ ಹತ್ತಿದ್ದು. ಕಲ್ಮೇಶ, ಇಪ್ಪತ್ತೆರಡರ ಪ್ರಾಯದಂವ, ಟ್ರ್ಯಾಲಿ ಹಗ್ಗ ಬಿಗ್ಯಾಕ ಬಗ್ಗಿದ್ದ, ಬೆನ್ನು ಈ ಕಡೆ. ಕಬ್ಬಿನೊಳಗಿಂದ ಜಕ್ಕಪ್ಪ ಬಂದ. ಕೊಡ್ಲಿ ಎತ್ತಿದ್ದ. ಗುರುಪಾದ ಗಾಡಿ ಒಗದು, ‘ಜಕ್ಕಪ್ಪಾ!’ ಅಂತ ಗಂಟಲ ಹರಕೊಂಡ. ಆ ಹಾಡಿನ್ಯಾಗ ಸತ್ತ ಹೆಣ ಎದ್ದು ಕೂಗಿದ್ರೂ ಕೇಳ್ಸತಿದ್ದಿಲ್ಲ. ಇಬ್ಬರ ನಡುವ ಹಾರಿ ಬಂದು, ಬಲಗೈ ಮುಷ್ಟಿ ಬಿಗಿದು ಮ್ಯಾಲ ಎತ್ತಿದ.

ಎಳಿ ಹರೀತು, ನಿಲ್ಲಸು.

ಮುಷ್ಟಿ ಜಕ್ಕಪ್ಪನ ಕೈಗೆ ಕಂಡಿತು. ಒಂಬತ್ತು ದಿನ ಕಲತ ಕೈ ಅದು, ಹಿಡಿಕಿ ಎಳ್ಯಾಕ ಹೋದಂಗ ಒಂದು ಬಾಜೂ ಎಳೀತು. ಕಲ್ಮೇಶನ ಕುತ್ತಿಗಿಗೆ ಹೊಂಟಿದ್ದ ಕೊಡ್ಲಿ ಓರೆ ಆತು, ಖರೆ ನಿಲ್ಲಲಿಲ್ಲ. ಗುರುಪಾದನ ಮಣಿಕಟ್ಟಿನ ಮ್ಯಾಲ ಬಿತ್ತು. ಬಿಗಿದ ಮುಷ್ಟಿ ಬಿಗಿದಂಗ ಕಬ್ಬಿನ ಒಣ ಸ್ವಾಗಿ ಎಲಿ ಮ್ಯಾಲ ಹೋಗಿ ಬಿತ್ತು. ಕಲ್ಮೇಶ ಹಗ್ಗ ಬಿಗಿದು, ಹಿಂದ ನೋಡದ ಮುಂದ ಹತ್ತಿ, ಹಾಡಿಗೆ ತಲಿ ಆಡಸ್ಕೊಂತ ಟ್ರ್ಯಾಕ್ಟರ್ ಹೊಡಕೊಂಡು ಫ್ಯಾಕ್ಟರಿಗೆ ಹೋದ. ಇವತ್ತಿಗೂ ಅವಗ ಏನೂ ಗೊತ್ತಿಲ್ಲ.

ಹಾಡು ದೂರ ಹೋದ ಮ್ಯಾಲ ಜಕ್ಕಪ್ಪನ ಚೀರಾಟ ಕೇಳ್ಸಿತು. ಸೊಂಟದ ರುಮಾಲು ಕಿತ್ತು ಆ ಮೋಟ ಕೈಗೆ ಸುತ್ತಿದ, ಹನ್ನೆರಡು ಮೊಳ ಪೂರಾ ಸುತ್ತಿದ. ಸುತ್ತಿದಷ್ಟೂ ಕೆಂಪಾತು. ‘ಮಾವಾ, ನಿನ್ನ ತಂಗಿಗೆ ಏನಂತ ಮಾರಿ ತೋರಸಲೋ!’ ಅಂತ ಎದಿ ಬಡಕೊಂಡ. ಬಂದ ಟಂಟಂ ಗಾಡಿ ತಡದು ಹೊತ್ತು ಹಾಕಿದ. ದವಾಖಾನ್ಯಾಗ ಡಾಕ್ಟರ್, ‘ಮಗ್ಗದಾಗ ಸಿಕ್ಕ ಕೈ ಇಷ್ಟು ಸಾಫ್ ಕಡಿತೈತೇನೋ?’ ಅಂದ್ರು. ‘ಹೌದ್ರೀ, ಮಗ್ಗದಾಗ,’ ಅಂದ ಗುರುಪಾದ. ಹತ್ತು ಸಲ ಕೇಳಿದ್ರೂ ಅದನ್ನ ಅಂದ.

ಬಾಳಾಸಾಹೇಬ ಊರಿಗೆ ಬಂದಾನ, ಗಟ್ಟಿ ಅದಾನ, ಕಬ್ಬು ಬೆಳೀತಾನ. ಅಮಸಿದ್ದಪ್ಪಗ ನ್ಯಾಯ ಸಿಗಲಿಲ್ಲ, ಸಿಕ್ತು ಅಂತ ಸುಳ್ಳ ಯಾಕ ಹೇಳಲಿ? ಗುರುಪಾದನ ಮಗ್ಗ ಈಗ ಜಕ್ಕಪ್ಪ ಹೊಡಿತಾನ, ಸುಂದರವ್ವ ಬಾಜೂ ಕುಂತು ಕಂಡಿಕಿ ಸುತ್ತತಾಳ. ‘ರಕ್ತ ಕಂಡಾತಲ್ಲ, ಆಣಿ ತೀರಿತು. ಇನ್ನರೆ ತಲಿಗೆ ಸುತ್ತಗೋರಿ,’ ಅಂತ ಆಕಿ ಒಂದು ಹೊಸಾ ರುಮಾಲು ತಂದಿಟ್ಟಳು. ‘ನನ್ನ ರುಮಾಲು ಸುತ್ತೂದು ಆಗೇತಿ,’ ಅಂದ ಜಕ್ಕಪ್ಪ. ಬರೇ ತಲೀಲೆ ಅದಾನ.

ಗುರುಪಾದ ಶೆಡ್ಡಿನ ಬಾಗಲದಾಗ ಒಂದು ಟೇಬಲ್ ಹಾಕಿ, ಎಡಗೈಲೆ ಮೆಮರಿ ಕಾರ್ಡ್ ತುಂಬಿ ಕೊಡತಾನ. ಹೊಸಬರು ಬಂದು ಮೊದಲ ಯಾವ್ದು ಅಂದ್ರ ಈಗೂ ಮಾರಿ ನೋಡತಾನ, ಸಿಟ್ಟೋ ಅಳುವೋ ಅಂತ ಕೇಳತಾನ. ಮುರಕ ಕತ್ತಿಯೂ ಕೊಡತಾನ. ಅದನ್ನ ಕೊಡುವಾಗ ಮಾತ್ರ ಒಳಗಿನ ಜಕ್ಕಪ್ಪ ಮಗ್ಗ ನಿಲ್ಲಿಸಿ ಈ ಕಡೆ ನೋಡತಾನ, ಮಾವ ಹೇಳ್ತಾನೋ ಇಲ್ಲೋ ಅಂತ.

‘ಇಪ್ಪತ್ತೈದು ಭಾಗ ಹೆಂಗರೆ ನೋಡ್ರಿ,’ ಅಂತಾನ ಗುರುಪಾದ. ‘ಕಡೀ ಭಾಗ ಆವಾಜ್ ಬಂದ್ ಮಾಡಿ, ಕೆಳಗಿನ ಅಕ್ಷರ ಕೈಲೆ ಮುಚ್ಚಿ ನೋಡ್ರಿ.’