ತೊಲೆಯೊಳಗಿನ ಬೇಸಿಗೆಗಳು

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಓಣಿ ತಿರುಗುವ ಕಡೆ, ಬಡಿಗೇರ ಮೌನೇಶ್ ಅವರ ಅಂಗಡಿ ಇದೆ. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ. ಕೆಡವಿದ ಹಳೆಯ ಮನೆಗಳಿಂದ ತೊಲೆ, ಕಂಬ, ಬಾಗಿಲು ತಂದು ಹೊಸ ಮನೆಗೆ ಹೊಂದುವಂತೆ ಮಾಡಿಕೊಡುವುದು ಅವರ ಕಸುಬು. ಒರಟಾದ ಅಂಚನ್ನು ನೋಡಿದರೆ ಅವರಿಗೆ ತಡೆಯಲಾಗುವುದಿಲ್ಲ. ಗಾಳಿಪಟಕ್ಕೆ ಕಡ್ಡಿ ಕೇಳಿ ಹೋದ ಮಗುವೂ ಕಾಯಬೇಕು. ಅದನ್ನೂ ಉಜ್ಜಿ ನುಣುಪು ಮಾಡಿಯೇ ಕೊಡುತ್ತಾರೆ.

೨೦೨೪ರ ಬೇಸಿಗೆಯಲ್ಲಿ, ಹಂಪಿ ಬಜಾರಿನ ಕಲ್ಲುಹಾಸಿನ ಮೇಲೆ ಬರಿಗಾಲು ಊರಲಾಗದಂಥ ಬಿಸಿಲಿನಲ್ಲಿ, ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಕೊಟ್ರಬಸಪ್ಪ ತಮ್ಮ ಹಿರಿಯರ ಉಗ್ರಾಣ ಕೆಡವಿಸಿದರು. ಅದರ ನಡುವಿನ ತೊಲೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ಮೌನೇಶ್ ಅವರ ಚಪ್ಪರದ ಮುಂದೆ ಇಳಿಸಿದರು.

"ಹುಷಾರಿ ಮೌನೇಶ, ಬರ್ಮಾ ಸಾಗವಾನಿ ಇದು. ನಮ್ಮ ಮುತ್ಯಾ ಹಡಗಿನಾಗ ತರಿಸಿದ್ದು. ಹೊಸ ಮನಿ ತಲಬಾಗಿಲ ಚೌಕಟ್ಟು ಇದರಾಗ ಆಗ್ಬೇಕು."

ಮೌನೇಶ್ ತೊಲೆಯ ಮೇಲೆ ಕೈಯಾಡಿಸಿದರು. "ಬರ್ಮಾದ್ದಲ್ರಿ ಸಾವ್ಕಾರ್ರ. ಸಂಡೂರ ಗುಡ್ಡದ್ದು. ನಮ್ಮ ಮುತ್ಯಾನೇ ಕಡದು ಇಳಿಸಿ ನಿಮ್ಮ ಉಗ್ರಾಣಕ್ಕ ಏರಿಸಿದ್ದು. ನಮ್ಮವ್ವ ಸಾಯೋತನಕ ಹೇಳ್ತಿದ್ಲು."

"ನಿಮ್ಮವ್ವ ಹೇಳ್ತಿದ್ಲು, ನಮ್ಮವ್ವನೂ ಹೇಳ್ತಿದ್ಲು. ಕಟಿಗಿ ಏನ್ ಹೇಳ್ತೈತಿ ಕೇಳು ಹೋಗು!" ಎಂದು ಕೊಟ್ರಬಸಪ್ಪ ನಕ್ಕು ಹೋದರು.

ಮೌನೇಶ್ ನಗಲಿಲ್ಲ. ಅಜ್ಜನ ಕೈಕೆಲಸ ಎಂದು ತೋರಿಸಲು ಅವರ ಮನೆತನದಲ್ಲಿ ಒಂದು ಮಣೆಯೂ ಉಳಿದಿರಲಿಲ್ಲ. ಇದ್ದದ್ದು ಈ ತೊಲೆಯ ಕಥೆಯೊಂದೇ. ಅದನ್ನೂ ಬರ್ಮಾ ನುಂಗಿಬಿಟ್ಟರೆ ಹೇಗೆ?

ಶಿಲ್ಪಶ್ರೀ ಬಂದದ್ದು ಅಮಾವಾಸ್ಯೆಯ ದಿನ. ಆಕೆ ಸಂಡೂರಿನವಳು, ವಿಶ್ವವಿದ್ಯಾಲಯದಲ್ಲಿ ಮರದ ಉಂಗುರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಬಸ್ಸಿನ ಕಿಟಕಿಯಿಂದ ತೊಲೆಯನ್ನು ನೋಡಿ ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿ ಬಂದಿದ್ದಳು. ತೊಲೆಯ ತುದಿಗೆ ಭೂತಗನ್ನಡಿ ಹಿಡಿದವಳು ತಲೆ ಎತ್ತಲೇ ಇಲ್ಲ.

"ಈ ಉಂಗುರ ಇಲ್ಲಿ ಇಷ್ಟು ಒತ್ತೊತ್ತಾಗಿ ಯಾಕ ಅದಾವು ಹೇಳ್ರಿ ಅಣ್ಣಾರ?"

"ಬಡಿಗ್ಯಾಗ ಪರೀಕ್ಷೆ ಮಾಡ್ತೀಯೇನವ್ವ? ಮಳಿ ಕಡಿಮಿ ಆದ ವರ್ಷ ಅವು."

"ಬಿಸಲೂ ಜೋರಿತ್ತು. ಸಾಗವಾನಿ ಬ್ಯಾಸಿಗ್ಯಾಗ ಎಲಿ ಉದುರಿಸಿ ಕುಂದರ್ತೈತಿ. ಬಿಸಲು ಮುಗೀಲಿಲ್ಲ, ಮಳಿ ತಡ ಆತು ಅಂದ್ರ ಬೆಳ್ಯಾಕ ಹೊತ್ತ ಸಿಗಂಗಿಲ್ಲ. ಉಂಗುರ ತೆಳುವಾಗ್ತೈತಿ. ಅದಕ್ಕ ಕಾರಣ ಎಲ್ಲೈತಿ ಗೊತ್ತೇನ್ರಿ? ಪೆಸಿಫಿಕ್ ಸಮುದ್ರದಾಗ! ಅದರ ನೀರು ಕೆಲವು ವರ್ಷ ಭಾಳ ಕಾಯ್ತೈತಿ. ಆವಾಗ ನಮ್ಮ ಮಳಿಗಾಳಿ ಸೋಲ್ತಾವು. ಹೋದ ವರ್ಷನೂ ಹಂಗ ಕಾದಿತ್ತು."

ಮೌನೇಶ್ ಚಪ್ಪರದ ಕಡೆ ನೋಡಿದರು. "ಅಂದ್ರ ಎಲ್ಲೋ ಸಮುದ್ರ ಕಾದ್ರ ಇಲ್ಲಿ ನನ್ನ ತಗಡು ಕಾಯ್ತೈತಾ?"

"ಹೂಂರಿ!" ಎಂದಳು ಶಿಲ್ಪಶ್ರೀ. ಒಂದೇ ಸೀಮೆಯ ಮರಗಳಲ್ಲಿ ಅಗಲ, ತೆಳು ಉಂಗುರಗಳ ಸಾಲು ಒಂದೇ ತರಹ ಬರುತ್ತದಂತೆ. ಸಂಡೂರಿನ ಗುಡ್ಡದ ಹಳೆಯ ಸಾಗವಾನಿ ಬುಡಗಳನ್ನು ಆಕೆ ಆಗಲೇ ಅಳೆದಿದ್ದಳು. ಹಿಂದಕ್ಕೆ ಎಣಿಸುತ್ತ ಹೋದರೆ ಅವು ೧೮೭೬ರ ಧಾತು ಸಂವತ್ಸರದ ದೊಡ್ಡ ಬರದ ಹತ್ತಿರಕ್ಕೆ ಬಂದು ನಿಂತುಬಿಟ್ಟಿದ್ದವು. ಈ ತೊಲೆಯ ಕೊನೆಯ ಉಂಗುರಗಳು ಆ ಬುಡಗಳ ಮೊದಲ ಉಂಗುರಗಳ ಜೊತೆ ಹೊಂದಿದರೆ, ಇನ್ನೂ ಹಿಂದಕ್ಕೆ, ಈ ಸೀಮೆಯಲ್ಲಿ ಯಾರೂ ಬಿಸಿಲನ್ನು ಅಳೆಯದಿದ್ದ ಕಾಲದ ಬೇಸಿಗೆಗಳಿಗೂ ಹೋಗಬಹುದಿತ್ತು.

ಮೌನೇಶ್ ಎದ್ದು ನಿಂತರು. "ಹಂಗಾದ್ರ ಇದು ಸಂಡೂರಿಂದೋ ಬರ್ಮಾದ್ದೋ ಅದೂ ಗೊತ್ತಾಗ್ತೈತಾ?"

"ಹೊಂದಿದ್ರ ಗೊತ್ತಾಗ್ತೈತ್ರಿ. ಒಂದು ಬಿಲ್ಲೆ ಕೊಯ್ದು ಕೊಡ್ರಿ, ಈಗ ಒಯ್ತೀನಿ."

ಮೌನೇಶ್ ಅವರ ಕೈ ಗರಗಸದ ಕಡೆ ಹೋಗಿ ಹಿಂದೆ ಬಂತು. ಹತಾರಗಳೆಲ್ಲ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಮೂಲೆಯಲ್ಲಿ ಹೂ ಮುಡಿದು ಕೂತಿದ್ದವು. ಅಮಾವಾಸ್ಯೆಯ ದಿನ ಬಡಿಗೇರರು ಕಟ್ಟಿಗೆಗೆ ಹತಾರ ಮುಟ್ಟಿಸುವುದಿಲ್ಲ.

"ಇವತ್ತು ಬ್ಯಾಡ ತಂಗಿ, ಇವುಕೂ ರಜಾ. ನಾಳಿ ಮಧ್ಯಾಹ್ನ ಬಾ, ಮಸ್ತ್ ಆಗಿ ಮಾಡಿ ಇಟ್ಟಿರ್ತೀನಿ."

ಮರುದಿನ ಬೆಳಕು ಹರಿಯುತ್ತಲೇ ಅವರು ಬಿಲ್ಲೆ ಕೊಯ್ದರು. ಓದಿದ ಹುಡುಗಿಯ ಕೈಗೆ ಕೊಡುವ ವಸ್ತು ಹೇಗೆ ಬೇಕಾದರೂ ಇರಬಹುದೇ? ಹಿಂದೆ ಉಗ್ರಾಣದ ಗೋಡೆಯೊಳಗೆ ಹುದುಗಿದ್ದ ಆ ತುದಿಯ ಒಂದು ಮೂಲೆಯಲ್ಲಿ ತೊಗಟೆ ಹಾಗೇ ಅಂಟಿಕೊಂಡಿತ್ತು. ತೊಲೆಯ ಉಳಿದ ಭಾಗವನ್ನೆಲ್ಲ ಹಿಂದಿನವರೇ ಚೌಕ ಕೆತ್ತಿದ್ದರು. ತೊಗಟೆಯ ಕೆಳಗಿನ ಬಿಳಿ ಪದರಕ್ಕೆ ಹುಳ ಬೇಗ ಬೀಳುತ್ತದೆ. ಅದನ್ನು ತೆಗೆಯದ ಬಡಿಗ ಬಡಿಗನೇ ಅಲ್ಲ. ಮೌನೇಶ್ ಆ ಮೂಲೆಯನ್ನು ಉಳಿಯಿಂದ ಸೀಳಿ ತೆಗೆದರು. ಬಿಲ್ಲೆಯ ಮುಖಕ್ಕೆ ಎಣ್ಣೆ ಹಚ್ಚಿ ಕನ್ನಡಿಯಂತೆ ಮಾಡಿದರು.

ಶಿಲ್ಪಶ್ರೀ ಅದನ್ನು ಕೈಗೆತ್ತಿಕೊಂಡು ಮೊದಲು ಖುಷಿಪಟ್ಟಳು. ಆಮೇಲೆ ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣಾರ... ತೊಗಟಿ ಇದ್ದ ಮೂಲಿ?"

"ತಗದೆ. ಹೊಲಸು ಕಾಣ್ತಿತ್ತು."

"ಅಯ್ಯೋ! ಕಡೀ ವರ್ಷ ಎಲ್ಲಾ ಅದರಾಗ ಇದ್ವು. ಅದಿಲ್ಲಂದ್ರ ನಾ ಅಳದ ಬುಡಗಳಿಗೆ ಇದು ಮುಟ್ಟಂಗಿಲ್ಲ. ಎಲ್ಲಿಂದು ಅಂತ ಹೇಳಾಕೂ ಬರಂಗಿಲ್ಲ!"

ಮೌನೇಶ್ ಅವರ ಮುಖ ಸುಣ್ಣದಂತಾಯಿತು. ಚಕ್ಕೆಗಳನ್ನು ಆಗಲೇ ಗುಡಿಸಿ ಮಿರ್ಚಿ ಬಂಡಿಯ ಬಸಕ್ಕನಿಗೆ ಕೊಟ್ಟಾಗಿತ್ತು. ದಿನಾ ಅವಳ ಒಲೆಗೆ ಇಲ್ಲಿಂದಲೇ ಉರುವಲು. ಅವರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಹಿಂದೆ ಬಿಲ್ಲೆಯನ್ನು ಬಗಲಲ್ಲಿಟ್ಟುಕೊಂಡು ಶಿಲ್ಪಶ್ರೀ.

"ಬಸಕ್ಕಾ! ಒಲಿ ಹಚ್ಚಬ್ಯಾಡ!"

"ಯಾಕ, ನನ್ನ ಮಿರ್ಚಿಗೂ ಅಮಾಸಿ ಹಿಡೀತೇನು?" ಎಂದಳು ಬಸಕ್ಕ. ಒಲೆ ಆಗಲೇ ಹೊಗೆಯಾಡುತ್ತಿತ್ತು. ಮೌನೇಶ್ ಹೊತ್ತಿದ ಚಕ್ಕೆಗಳನ್ನು ಬರಿಗೈಯಲ್ಲೇ ಎಳೆದು ಎಳೆದು ನೋಡಿದರು. ಒಂದರಲ್ಲೂ ತೊಗಟೆ ಇಲ್ಲ.

"ಕರೀ ಸಿಪ್ಪಿ ಹತ್ತಿದ್ದು ಒಂದು ದಪ್ಪ ತುಂಡಿತ್ತಲ್ಲ, ಅದನ್ನ ಸುಟ್ಟಿಯೇನಕ್ಕ?"

"ಅದಾ? ಗಾಲಿಗೆ ಅಡ್ಡ ಕೊಟ್ಟೀನಿ. ಇಳಿಜಾರ ಐತಲ್ಲ ಇಲ್ಲಿ."

ಆಕೆಯ ಮಾತು ಮುಗಿಯುವ ಮೊದಲೇ ಮೌನೇಶ್ ಬಗ್ಗಿ ತುಂಡನ್ನು ಕಿತ್ತರು. ಬಂಡಿ ಹೊರಟೇ ಬಿಟ್ಟಿತು! ಹಿಟ್ಟಿನ ಬೋಗುಣಿ ಜಾರಿತು, ಮೆಣಸಿನಕಾಯಿ ರಸ್ತೆಯ ಪಾಲಾಯಿತು. ಶಿಲ್ಪಶ್ರೀ ಒಂದು ಕಡೆ, ಬಸಕ್ಕ ಒಂದು ಕಡೆ ಜೋತುಬಿದ್ದು ಬಂಡಿ ನಿಲ್ಲಿಸಿದರು. ಎಣ್ಣೆ ಇನ್ನೂ ಕಾದಿರಲಿಲ್ಲ, ಪುಣ್ಯ.

"ಹುಚ್ಚ ಹಿಡಿದೈತೇನೋ ಮೌನೇಶಣ್ಣ ನಿನಗ? ಒಂದು ತುಂಡು ಕಟಿಗಿಗೆ ನನ್ನ ಸಂಸಾರ ಉರುಳಿಸ್ತಿದ್ಯಲ್ಲೋ!"

ಮೌನೇಶ್ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ರಸ್ತೆಯಲ್ಲೇ ಕೂತು ತುಂಡನ್ನು ಬಿಲ್ಲೆಗೆ ಜೋಡಿಸಿದರು. ಗರಗಸ ಹಚ್ಚಿದ್ದರೆ ಒಂದೆರಡು ಉಂಗುರ ಹೊಟ್ಟಾಗಿ ಹೋಗುತ್ತಿದ್ದವು. ಉಳಿಯಿಂದ ಸೀಳಿದ್ದರಿಂದ ಗೆರೆಗೆ ಗೆರೆ ಕೂಡಿಕೊಂಡಿತು. ಶಿಲ್ಪಶ್ರೀ ಕುಣಿಯುವುದೊಂದು ಬಾಕಿ. ಎರಡನ್ನೂ ದುಪಟ್ಟಾದಲ್ಲಿ ಕೂಸಿನಂತೆ ಸುತ್ತಿಕೊಂಡು ಬಸ್ಸು ಹತ್ತಿದಳು. ಬಸಕ್ಕನ ಗಾಲಿಗೆ ಮೌನೇಶ್ ಹೊಸ ಅಡ್ಡತುಂಡು ಮಾಡಿಕೊಟ್ಟರು. ಅದನ್ನೂ ಎಷ್ಟು ನುಣುಪು ಮಾಡಿದ್ದರೆಂದರೆ ಗಾಲಿ ಅದರ ಮೇಲೆ ನಿಲ್ಲಲಿಲ್ಲ. ಬೈಸಿಕೊಂಡು ಮತ್ತೆ ಒರಟು ಮಾಡಬೇಕಾಯಿತು.

ಮಳೆಗಾಲ ಹಿಡಿಯಿತು. ಕಂಪ್ಲಿಯಲ್ಲಿ ಚೌಕಟ್ಟು ನಿಲ್ಲಿಸುವ ದಿನ, ಅರಿಶಿನ ಕುಂಕುಮ ಹಚ್ಚಿದ ಮೇಲೆ, ಮೌನೇಶ್ ಅವರ ಜೇಬಿನ ಫೋನು ಕೂಗಿತು.

"ಹೊಂದ್ಯಾವ್ರಿ ಅಣ್ಣಾರ! ಸಂಡೂರ ಗುಡ್ಡದ ಬುಡಕ್ಕ ಸಾಲಾಗಿ ಹೊಂದ್ಯಾವು!"

"ತಡಿ ತಂಗಿ, ಸ್ಪೀಕರ್ ಹಾಕ್ತೀನಿ. ಮೊದಲಿಂದ ಹೇಳು, ಜೋರಾಗಿ ಹೇಳು."

ಶಿಲ್ಪಶ್ರೀ ಮತ್ತೆ ಹೇಳಿದಳು. ಆಮೇಲೆ ಇನ್ನೊಂದು ಸುದ್ದಿ: ಬರ್ಮಾದ ಸಾಗವಾನಿಯ ಅಳತೆಗಳನ್ನೂ ಪಕ್ಕದಲ್ಲಿಟ್ಟು ನೋಡಿದ್ದಳಂತೆ. ಬಹಳಷ್ಟು ವರ್ಷ ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಸಮುದ್ರ ವಿಪರೀತ ಕಾದ ಕೆಲವು ವರ್ಷಗಳಲ್ಲಿ ಇಲ್ಲಿಯೂ ಅಲ್ಲಿಯೂ ಉಂಗುರ ತೆಳು.

ಕೊಟ್ರಬಸಪ್ಪ ಕೂಡಲೇ ಹಿಡಿದುಕೊಂಡರು. "ನೋಡ್ದ್ಯಾ! ಬರ್ಮಾದ ಹೆಸರು ಬಂತಲ್ಲ!"

"ಬಂತ್ರಿ ಸಾವ್ಕಾರ್ರ. ಒಂದ ಸಮುದ್ರ ಇಬ್ಬರನ್ನೂ ಸುಟ್ಟೈತಿ. ಮರ ಮಾತ್ರ ನಮ್ಮದ."

ನೆರೆದವರೆಲ್ಲ ಗೊಳ್ಳೆಂದರು. ಕೊಟ್ರಬಸಪ್ಪ ಒಂದು ಗಳಿಗೆ ಮೀಸೆ ತಿರುವಿ, ಆಮೇಲೆ ತಾವೂ ನಕ್ಕು, ತಟ್ಟೆಯಿಂದ ಒಂದು ಪೇಢೆ ತೆಗೆದು ಮೌನೇಶ್ ಅವರ ಬಾಯಿಗೆ ಇಟ್ಟರು. "ಹಂಗಾದ್ರ ನಿಮ್ಮ ಮುತ್ಯಾ ಏರಿಸಿದ್ದನ್ನ ನೀನ ನಿಲ್ಲಸಪ್ಪ."

ಪೇಢೆ ಬಾಯಲ್ಲಿರುವಾಗಲೇ ಫೋನಿಗೆ ಒಂದು ಚಿತ್ರ ಬಂತು. ತೊಗಟೆಯ ಕೆಳಗಿನ ಕೊನೆಯ ಉಂಗುರಕ್ಕೆ ಶಿಲ್ಪಶ್ರೀ ಕೆಂಪು ಬಾಣ ಹಾಕಿ ಕಳಿಸಿದ್ದಳು. ಮರ ಕಡಿದ ವರ್ಷ. ಮೌನೇಶ್ ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಉಂಗುರ ಅಗಲವಾಗಿತ್ತು, ಆ ವರ್ಷದ ಬೆಳವಣಿಗೆ ಅರ್ಧಕ್ಕೆ ನಿಲ್ಲದೆ ಪೂರಾ ತುಂಬಿತ್ತು.

"ಛಲೋ ಮಳಿ ಆದ ವರ್ಷ," ಎಂದರು, ಯಾರಿಗೆಂದಿಲ್ಲದೆ. "ಮಳಿ ಮುಗಿಯೋತನಕ ಕಾದು ಕಡದಾನ ನಮ್ಮ ಮುತ್ಯಾ."