ಫೋಟೋಕ್ಕೆಂದು ಸಾರಿಸಿದ ಅಂಗಳ

ಶಿಗ್ಗಾಂವದಲ್ಲಿ ಬೆಳಗಿನ ಕೆಂಪು ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಸೀಟಿಗೆ ಮಾತ್ರ ಜಗಳ ಆಡಬೇಕು, ಆಡಿ ಗೆದ್ದೆ. ಸವಣೂರಿನಲ್ಲಿ ಇಳಿದು, ಬಾಯಾಡಿಸಲು ಅಲ್ಲಿಯ ಹೆಸರಾದ ಕುರುಕಲು ಖಾರದ ಪೊಟ್ಟಣ ಕಟ್ಟಿಸಿಕೊಂಡು, ತಂಗಿಯ ಊರು ಹತ್ತಿಮತ್ತೂರಿನ ಬಸ್ಸು ಹಿಡಿದೆ. ಮೋಡ ಕವಿದಿತ್ತು, ಹಾಳು ಗಾಳಿ ಬೇರೆ.

ತಂಗಿ ಗಂಗವ್ವ ಫೋನಿನಲ್ಲಿ, "ಅಕ್ಕಾ, ಊರಾಗಿನ ಜಾಗಾ ಅಳ್ಯಾಕ ಡ್ರೋನ್ ಬರಾಕತ್ತೈತಿ. ನೀ ಬಾಜೂಕ ನಿಂತ್ರ ನನಗ ಧೈರ್ಯ" ಎಂದಿದ್ದಳು. ಅವಳ ಮನೆಗೂ ಪಕ್ಕದ ಬಸಣ್ಣನ ಮನೆಗೂ ನಡುವೆ ಗೋಡೆಯಿಲ್ಲದ ಒಂದೇ ಅಂಗಳ. ಅಲ್ಲಿ ಅವಳು ಎಮ್ಮೆ ಕಟ್ಟುವ ಜಾಗಕ್ಕಾಗಿ ಜಗಳವಾಗಿ ಎರಡೂ ಮನೆಯವರು ಮಾತು ಬಿಟ್ಟಿದ್ದರು. ಹಿಂದಿನ ದಿನ ಊರ ಹಿರಿಯರು ಇಬ್ಬರನ್ನೂ ಒಪ್ಪಿಸಿ ನಡುವೆ ಸುಣ್ಣದ ಗೆರೆ ಹಾಕಿಸಿದ್ದರು. ಮೇಲಿನಿಂದ ತೆಗೆದ ಫೋಟೋದಲ್ಲಿ ಗೆರೆ ಕಂಡರೆ ನಕಾಶೆಗೆ ಬರುತ್ತದೆ, ಆಮೇಲೆ ಜಾಗದ ಕಾಗದ.

ನಾನು ಹೋದಾಗ ಅಂಗಳ ಮದುವೆ ಮನೆಯ ಹಾಗಿತ್ತು. ನಸುಕಿನಲ್ಲೇ ಸಗಣಿಯಿಂದ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿ, ತಂಗಿ ಹೊಸ ಸೀರೆಯುಟ್ಟು ನಿಂತಿದ್ದಳು.

"ಗೆರಿ ಎಲ್ಲೈತಿ?" ಎಂದೆ.

"ಫೋಟೋ ತಗೀತಾರಲ್ಲ, ಅಂಗಳ ಚಂದ ಇರ್ಲಿ ಅಂತ..." ಎಂದವಳೇ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಸುಣ್ಣದ ಗೆರೆ ಸಗಣಿಯಡಿ ಮುಚ್ಚಿಹೋಗಿತ್ತು. ಬಸಣ್ಣ ಇಡೀ ಅಂಗಳ ನಂದೇ ಅಂದರೆ ಮಾಡುವುದೇನು? ಬೈಯಲು ಮನಸ್ಸು ಬರಲಿಲ್ಲ, ಆದರೂ ಬೈದೆ. ಅಷ್ಟರಲ್ಲಿ ಬಸಣ್ಣನೇ ಹೊರಗೆ ಬಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಅವನು ನೆಲ ನೋಡಿ ನಕ್ಕುಬಿಟ್ಟ.

"ಗಂಗವ್ವ, ಅರ್ಧಾ ಗೆರಿ ನೀ ಸಾರಿಸೀದಿ, ಉಳದರ್ಧಾ ನಮ್ಮಾಕಿ ಸಾರಿಸ್ಯಾಳ. ಹಗ್ಗ ತಾ."

ಅವನ ಹೆಂಡತಿ ಈರವ್ವ ಬಾಗಿಲ ಮರೆಯಲ್ಲಿ ಸಗಣಿ ಕೈಯಲ್ಲೇ ನಿಂತಿದ್ದಳು. ಸುಣ್ಣ ಎರಡೂ ಮನೆಯಲ್ಲಿ ಮುಗಿದಿತ್ತು. ಸುಣ್ಣ ತರುವತನಕ ತಡೆಯಿರಿ ಎಂದು ಕೇಳಲು, ಊರಿಗೆ ಬಂದಿಳಿದಿದ್ದ ಡ್ರೋನ್ ಹಾರಿಸುವವನ ಹತ್ತಿರ ಓಡಿದೆ.

"ಗಾಳಿ ನಿಂದ್ರೂತನಕ ಹಾರ್ಸಂಗಿಲ್ರಿ ಅಕ್ಕಾರ. ರಂಗೋಲಿ ಪುಡಿ ಆದ್ರೂ ನಡೀತೈತಿ, ಬೆಳ್ಳಗ ಕಂಡ್ರ ಸಾಕು" ಎಂದ.

ಬೆಳಿಗ್ಗೆಯಿಂದ ಶಪಿಸಿದ್ದ ಗಾಳಿಗೆ ಕೈಮುಗಿದೆ. ಬಸಣ್ಣ ಹಗ್ಗವನ್ನು ಬೇವಿನ ಗಿಡದ ಬುಡಕ್ಕೆ ಹಿಡಿದ. ಹಿರಿಯರ ಮುಂದೆ ಒಪ್ಪಿದ ಜಾಗ ಅದೇ. ಒಂದು ಗೇಣೂ ಸರಿಸಲಿಲ್ಲ. ಹಗ್ಗದ ಗುಂಟ ಒಂದು ತುದಿಯಿಂದ ತಂಗಿ, ಇನ್ನೊಂದರಿಂದ ಈರವ್ವ ರಂಗೋಲಿ ಪುಡಿ ಬಿಡುತ್ತ ಬಂದರು. ಹಸಿ ನೆಲಕ್ಕೆ ಅದು ಅಂಟಿ ಕುಳಿತಿತು.

ಗಾಳಿ ನಿಂತ ಮೇಲೆ ಡ್ರೋನ್ ಗುಂಯ್ ಎನ್ನುತ್ತ ನಮ್ಮ ತಲೆ ಮೇಲೆ ಹಾದುಹೋಯಿತು. ಹಾರಿಸುವವನು ಪರದೆ ತೋರಿಸಿ, "ಬಂದೈತ್ರಿ ನಿಮ್ಮ ಗೆರಿ" ಎಂದ. ತಂಗಿ ಅತ್ತಳು, ನನಗೂ ಜೀವ ಬಂದಂತಾಯಿತು.

ಸಂಜೆ ಬಸ್ಸಿಗೆ ಹೊರಟಾಗ ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಎಮ್ಮೆ ತನ್ನ ಜಾಗದಲ್ಲಿತ್ತು. ಗೆರೆಯ ಈಚೆ ತಂಗಿ, ಆಚೆ ಈರವ್ವ ಕುಕ್ಕರಗಾಲಲ್ಲಿ ಕೂತು, ನಾನು ತಂದಿದ್ದ ಖಾರದ ಪೊಟ್ಟಣವನ್ನು ಗೆರೆಯ ಮೇಲೇ ಬಿಚ್ಚಿಕೊಂಡಿದ್ದರು.